ದಾರ ಎಟುಕದ ಕಾಲಂ

ವೃದ್ಧಾಶ್ರಮದ ಬಾಗಿಲಲ್ಲಿ ಮೇಜಿನ ಮೇಲೊಂದು ದಪ್ಪ ರಿಜಿಸ್ಟರು, ಅದಕ್ಕೊಂದು ಪೆನ್ನು; ಯಾರೂ ಜೇಬಿಗಿಳಿಸದಿರಲೆಂದು ಆ ಪೆನ್ನನ್ನು ಕಿಟಕಿಯ ಸರಳಿಗೆ ದಾರ ಹಾಕಿ ಕಟ್ಟಿದ್ದರು. ದಾರ ಎಂಥ ಜಿಪುಣನೆಂದರೆ ಹೆಸರು, ಊರು, ಯಾರನ್ನು ನೋಡಲು ಬಂದದ್ದು ಎಂಬ ಮೂರು ಕಾಲಂಗಳವರೆಗೆ ಬಂದು, 'ಸಂಬಂಧ' ಎಂಬ ನಾಲ್ಕನೆಯದರ ಅಂಚಿನಲ್ಲಿ ನಿಂತುಬಿಡುತ್ತಿತ್ತು. ಬಂದವರೆಲ್ಲ ಗೊಣಗುತ್ತಿದ್ದರು. ನನಗೆ ಮಾತ್ರ ಆ ದಾರದ ಮೇಲೆ ಗುಟ್ಟಾದ ಕೃತಜ್ಞತೆ. ಅಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಮಕ್ಕಳೇ, ನಿಮ್ಮ ತಾತ ಹೋದ ಎರಡನೆಯ ವರ್ಷ, ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಪಾಂಡವಪುರದ ನಮ್ಮ ಬೀದಿಯಲ್ಲಿದ್ದ ರಿಟೈರಾದ ಟೀಚರೊಬ್ಬರು, ಊರಾಚೆಯ ಆಶ್ರಮದಲ್ಲಿ ಯಾರೂ ಇಲ್ಲದವರಿದ್ದಾರೆ, ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬನ್ನಿ ಎಂದರು. ಇಲ್ಲ ಎನ್ನಲು ಸಂಕೋಚವಾಗಿ ಹೂಂ ಎಂದೆ. ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ಹೀಗೆ ಸಂಕೋಚದಿಂದಲೇ ಆದವು. ಸಿಂಧಘಟ್ಟದ ಶಾಲೆಯಲ್ಲಿ ಮೇಷ್ಟರು ಹೆಸರು ಕೂಗಿದಾಗ ಓಗೊಡಲೂ ನಾಚಿ, ಮುಂದಿನ ಸಾಲಿನಲ್ಲೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು. ಅಂಥವಳು ಗುರುತಿಲ್ಲದವರನ್ನು ಮಾತಾಡಿಸಬೇಕಿತ್ತು.

ನನ್ನ ಪಾಲಿಗೆ ಬಂದದ್ದು ಕಿಕ್ಕೇರಿ ಕಡೆಯ ಕೆಂಪಮ್ಮ. ಮಕ್ಕಳಿರಲಿಲ್ಲ, ಗಂಡ ಸತ್ತ ಮೇಲೆ ಸಂಬಂಧಿಕರೊಬ್ಬರು ತಂದು ಬಿಟ್ಟು ಹೋಗಿದ್ದರು. ನೆಟ್ಟ ಕಂಬದಂತೆ ಕೂರುವ ಹೆಂಗಸು, ಆಶ್ರಮವನ್ನು 'ಈ ಛತ್ರ' ಎಂದೇ ಕರೆಯುತ್ತಿದ್ದಳು. ಮೊದಲ ಮಂಗಳವಾರ ಬಾಳೆಹಣ್ಣು ಒಯ್ದೆ. ಕಾಯಿಲೆಯವರನ್ನು ನೋಡೋಕೆ ಬಂದೆಯಾ ಎಂದು ಕೇಳಿದಳು. ಎರಡನೆಯ ವಾರ ಬರಿಗೈಯಲ್ಲಿ ಹೋದೆ. ನೆಂಟರ ಮನೆಗೆ ಹೀಗೇ ಹೋಗ್ತೀಯಾ ಎಂದಳು. ಏನು ಒಯ್ಯಬೇಕೆಂದು ತಿಳಿಯದೆ ಮೂರನೆಯ ವಾರ ಎಲೆಯಡಿಕೆ ಒಯ್ದೆ. ಅಂದು ಸುಮ್ಮನೆ ಜಗಿದಳು. ನಾಲ್ಕನೆಯ ವಾರ ನಾನು ಯಾರ ಮನೆಯ ಮಗಳು, ಯಾರ ಮನೆಯ ಸೊಸೆ ಎಂದೆಲ್ಲ ವಿಚಾರಿಸಿ, ನನ್ನ ಅತ್ತೆ ಬದುಕಿದ್ದರೂ ಕೇಳದಷ್ಟು ಕೇಳಿ, ಕೊನೆಗೆ ಹೇಳಿದಳು:

"ಇನ್ಮೇಲೆ ಬರ್ಬ್ಯಾಡ ಕಣವ್ವ."

ನಾನೇನು ತಪ್ಪು ಮಾಡಿದೆ ಎಂದು ಕೇಳಿದೆ.

"ನಾಕ್ ಸಲ ಬಂದೆ. ನಾನು ಒಂದ್ಸಲವೂ ನಿಮ್ಮನೆಗೆ ಬಂದಿಲ್ಲ. ನಾನು ಬರ್ದೇನೇ ನೀನೊಬ್ಳೇ ಇಂಗೆ ಬತ್ತಾನೇ ಇದ್ರೆ, ನಾನೇನು ಭಿಕ್ಸದೋಳಾ?"

ಅವಳೆಂದದ್ದು ಸರಿಯೇ, ನಮ್ಮ ಕಡೆಯ ರೀತಿಯೇ ಅದು. ಬರದವರ ಮನೆಗೆ ಪದೇ ಪದೇ ಹೋಗಬಾರದೆಂದು ನನ್ನವ್ವನೂ ಹೇಳುತ್ತಿದ್ದಳು. ಆದರೂ ಮುಂದಿನ ವಾರ ಹೋಗಿ ನೋಡಿದೆ. ಕೆಂಪಮ್ಮ ಗೋಡೆಯ ಕಡೆ ತಿರುಗಿ ಕೂತಳು, ನಾನು ಎದ್ದು ಬರುವವರೆಗೂ ಈಚೆ ತಿರುಗಲಿಲ್ಲ. ಆ ಬೆನ್ನನ್ನು ನೋಡಿದ ಮೇಲೆ ನನಗೆ ಮನೆಯಲ್ಲಿ ಅನ್ನ ಸೇರಲಿಲ್ಲ. ಸೇವೆ ಮಾಡಲು ಹೋಗಿ ಒಬ್ಬಳ ಮರ್ಯಾದೆ ಕಳೆದೆನೇ?

ಮತ್ತೆ ಹೋಗಿ ನಮ್ಮ ಮನೆಗೆ ಕರೆದಾಗ ಕೆಂಪಮ್ಮ ಈಚೆ ತಿರುಗಿದಳು. ಆದರೆ ಸಂಬಂಧಿಕರು ರುಜು ಹಾಕಿದರೆ ಮಾತ್ರ ಹೊರಗೆ ಕಳಿಸುವುದು ಎಂದರು ಮ್ಯಾನೇಜರು. ಒಂದು ಚೀಟಿ ಮುಂದೆ ತಳ್ಳಿ, ಜೇಬಿನಿಂದ ತಮ್ಮ ಪೆನ್ನನ್ನೇ ತೆಗೆದುಕೊಟ್ಟರು. ಅದಕ್ಕೆ ದಾರವಿರಲಿಲ್ಲ, ನೆಪಕ್ಕೂ ದಾರಿಯಿರಲಿಲ್ಲ. 'ತಂಗಿ' ಎಂದು ಬರೆದೆ. ಜನ್ಮದಲ್ಲಿ ಕಾಗದದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು. ಮ್ಯಾನೇಜರು ಆರಡಿ ಎತ್ತರದ ಅವಳನ್ನೂ ಮೊಳದುದ್ದದ ನನ್ನನ್ನೂ ಒಮ್ಮೆ ನೋಡಿ ಚೀಟಿಗೆ ಮುದ್ರೆ ಒತ್ತಿದರು. ಆಟೋದಲ್ಲಿ ಕೂತ ಮೇಲೆ ಕೆಂಪಮ್ಮ, ತನ್ನ ತಂಗಿಯಾಗಿದ್ದರೆ ಇಷ್ಟು ಪುಕ್ಕಲಿಯಾಗಿರುತ್ತಿರಲಿಲ್ಲ ಎಂದಳು.

ಆ ದಿನ ನಿಮಗೆ ನೆನಪಿರಬಹುದು. ಅವಳು ಬಾಗಿಲಲ್ಲಿ ಕಾಲು ತೊಳೆದು, ಚಾಪೆಯ ಮೇಲೆ ನೆಂಟರ ಠೀವಿಯಲ್ಲಿ ಕೂತು, ಮುದ್ದೆಯನ್ನು ಎರಡು ಸಲ ಬೇಡವೆಂದು ಮೂರನೆಯ ಸಲ ಹಾಕಿಸಿಕೊಂಡು, ಉಪ್ಸಾರಿಗೆ ಖಾರ ಸಾಲದು ಎಂದಳು. ನಿಮ್ಮ ಅಮ್ಮನ ಮುಖ ಸಣ್ಣಗಾಯಿತು. ನನಗೆ ಯಾಕೋ ಹಿಗ್ಗಾಯಿತು. ನಿಮ್ಮಲ್ಲಿ ಆಗ ಮೂರನೆಯ ಕ್ಲಾಸಿನಲ್ಲಿದ್ದ ಪುಟ್ಟಿ ಎಲ್ಲರೆದುರು ಕೇಳಿಬಿಟ್ಟಳು, ಈ ಅಜ್ಜಿ ನಮಗೆ ಯಾವ ನೆಂಟರು ಎಂದು. ನಾನು ನೆಲ ನೋಡಿದೆ. ಕೆಂಪಮ್ಮ ಕೈ ತೊಳೆಯುತ್ತಲೇ ಹೇಳಿದಳು:

"ನಿಮ್ಮಜ್ಜಿ ನಮ್ಮನೆಗೆ ಬತ್ತಾಳೆ, ನಾನು ನಿಮ್ಮನೆಗೆ ಬತ್ತೀನಿ. ಅಷ್ಟೇಯ ಕಣವ್ವ."

ನಮ್ಮನೆ. ಛತ್ರ ಎನ್ನಲಿಲ್ಲ. ಹೋಗಿ ಬರಲು ನಾನೊಬ್ಬಳು ಸಿಕ್ಕಿದ್ದರಿಂದ ಅದು ಅವಳಿಗೆ ಮನೆಯಾಯಿತೋ, ಅಥವಾ ಇನ್ನೆಲ್ಲೂ ಮನೆಯಿಲ್ಲವೆಂಬುದನ್ನು ಅವಳು ಅವತ್ತೇ ಒಪ್ಪಿಕೊಂಡಳೋ? ಸಂತೋಷಪಡಬೇಕೋ ಅಳಬೇಕೋ ತೋಚದೆ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟೆ. ಈಗಲೂ ಅದನ್ನು ನೆನೆದಾಗ ಒಂದು ದಿನ ಒಂದು ಅನ್ನಿಸುತ್ತದೆ, ಇನ್ನೊಂದು ದಿನ ಇನ್ನೊಂದು.

ಅವಳನ್ನು ಆಶ್ರಮಕ್ಕೆ ಬಿಟ್ಟು ಬರುವಾಗ ಗೇಟಿನಲ್ಲಿ, ಮಂಗಳವಾರ ಬಾ, ಈಗ ನಿನ್ನ ಸರದಿ ಎಂದಳು.

ಮಂಗಳವಾರ ರಿಜಿಸ್ಟರಿನ ಮುಂದೆ ನಿಂತೆ. ಅದೇ ಪೆನ್ನು, ಅದೇ ಜಿಪುಣ ದಾರ. ಪುಸ್ತಕವನ್ನೇ ಕಿಟಕಿಯ ಕಡೆಗೆ ಒಂದು ಗೇಣು ಎಳೆದುಕೊಂಡರೆ ಸಾಕೆಂಬುದು ಅದುವರೆಗೆ ನನಗೆ ಹೊಳೆದಿರಲೇ ಇಲ್ಲ. ಎಳೆದುಕೊಂಡು, ನಾಲ್ಕನೆಯ ಕಾಲಮ್ಮಿನಲ್ಲಿ 'ಹೋಗಿ ಬರುವವರು' ಎಂದು ಬರೆದೆ. ಮ್ಯಾನೇಜರು ಕನ್ನಡಕ ಏರಿಸಿ ಓದಿ, ಹೀಗೊಂದು ಸಂಬಂಧ ಉಂಟೇನಮ್ಮಾ ಎಂದು ಕೇಳಿದರು. ನನಗೂ ಸರಿಯಾಗಿ ಗೊತ್ತಿಲ್ಲ ಎಂದು ಹೇಳಿ, ಎಲೆಯಡಿಕೆಯ ಪೊಟ್ಟಣ ಹಿಡಿದು ಒಳಗೆ ಹೋದೆ.