ಎರಡನೆಯ ಕಾಲು

ಪ್ರೊಫೆಸರ್ ಶಿವಕಾಂತಮ್ಮ ಹರಟೆಮಲ್ಲಿ, ಮೇಲಾಗಿ ಕೆಲಸಗಳ್ಳಿ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಫರ್ಹೀನಳಿಗೆ ಈ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಹೆಣ್ಣು ಮತ್ತು ಸಾರ್ವಜನಿಕ ಆರೋಗ್ಯದ ಬಗ್ಗೆ ಮೂವತ್ತು ವರ್ಷ ಸಂಶೋಧನೆ ಮಾಡಿದ ಈ ಸಮಾಜಶಾಸ್ತ್ರಜ್ಞೆ ಕಲಬುರಗಿಯಲ್ಲಿದ್ದಾಗ ವಿಭಾಗದ ಮೂರು ಮಹಡಿಯನ್ನು ಓಡಿ ಹತ್ತುತ್ತಾರೆ, ಲಿಫ್ಟಿನಲ್ಲಿ ಬಂದವರನ್ನು, ಗಂಡಸರನ್ನೂ ಬಿಡದೆ, “ಯಾಕ್ರೀ, ಬಾಣಂತಿ ಏನ್ ನೀವು?” ಎಂದು ವಿಚಾರಿಸುತ್ತಾರೆ. ಕಮಲಾಪುರಕ್ಕೆ ಸಮೀಕ್ಷೆಗೆ ಹೋದರೆ ಮಾತ್ರ ಪ್ರಶ್ನಾವಳಿಯನ್ನು ಕೈಯಿಂದ ಮುಟ್ಟುವುದಿಲ್ಲ. ಮನೆಮನೆಯಲ್ಲೂ ಆ ಮನೆಯ ಅತ್ತೆಯ ಪಕ್ಕದಲ್ಲಿ ಕುಳಿತು, ಕೊಟ್ಟ ಕೆಂಪು ಬಾಳೆಹಣ್ಣು ತಿನ್ನುತ್ತ, ಹಪ್ಪಳದಿಂದ ಹಿಡಿದು ನಾದಿನಿಯ ಕೊಂಕಿನವರೆಗೆ ಹರಟುತ್ತಾರೆ. ಬರೆದು ಸಾಯುವವಳು ಫರ್ಹೀನ್. ಮೊನ್ನೆ ಒಂದು ಮನೆಯಲ್ಲಿ ಕಾವೇರಿ ಎಂಬ ಬಿಳಿಚಿದ ಸೊಸೆಯನ್ನು ಏನು ಕೇಳಿದರೂ ಅತ್ತೆಯೇ ಉತ್ತರ ಕೊಡುತ್ತಿದ್ದಳು. “ಮುಟ್ಟಿನ ತೊಂದರೆ ಏನರೆ ಅದನ?” ಎಂದು ಫರ್ಹೀನ್ ಕೇಳಿದರೆ, “ಅಕಿಗೇನಾಗ್ಯದ? ಕಲ್ಲಿದ್ದಂಗ ಅದಾಳ!” ಕಾವೇರಿ ನೆಲ ನೋಡಿದಳು. ಅಷ್ಟರಲ್ಲಿ ಶಿವಕಾಂತಮ್ಮ ಮೊಣಕಾಲು ಹಿಡಿದು, “ಅಯ್ಯೋ ಯವ್ವಾ, ಸತ್ತೆ! ಅಕ್ಕಾ, ಬಿಸಿಲಿಗೆ ಕರ್ಕೊಂಡು ಹೋಗಿ ಒಂದೀಟು ಎಣ್ಣಿ ಹಚ್ರೀ” ಎಂದು ನರಳಿದರು. ಅತ್ತೆಯ ಹೆಗಲಿಗೆ ಜೋತುಬಿದ್ದು ಕುಂಟುತ್ತ ಹೊರಗೆ ಹೋಗುವಾಗ ಹಿಂದಕ್ಕೆ ಕೈ ಚಾಚಿ ಬಾಗಿಲನ್ನು ಎಳೆದುಕೊಂಡರು. ಮೂರು ಮಹಡಿ ಓಡುವ ಆ ಕಾಲನ್ನೇ ಫರ್ಹೀನ್ ಪೆಚ್ಚಾಗಿ ನೋಡುತ್ತಿದ್ದಳು. ಆಗ ಕಾವೇರಿ ತಗ್ಗಿದ ದನಿಯಲ್ಲಿ ಹೇಳಿದಳು: “ಮೂರು ತಿಂಗಳಾಯ್ತ್ರೀ, ರಕ್ತ ನಿಲ್ಲವಲ್ದು. ದವಾಖಾನಿಗೆ ಕಳಸವಲ್ರು.” ಫರ್ಹೀನ್ ಪೆನ್ನು ಕೆಳಗಿಟ್ಟು ಅವಳ ಹತ್ತಿರ ಸರಿದಳು. ಹೊರಗೆ ಅತ್ತೆ, “ಸಾಕೇನ್ರೀ?” ಎಂದಳು. “ಇನ್ನೊಂದು ಕಾಲೂ ಬ್ಯಾನಿ ಹತ್ಯದ್ರೀ ಅಕ್ಕಾ,” ಎಂದರು ಶಿವಕಾಂತಮ್ಮ.