ಕೀಲಿಯ ಒಂದು ತುಂಡು

ಗಂಗೆಯ ದಡದ ಕೇದಾರ ಘಾಟಿನ ಹಿಂದಿನ ಗಲ್ಲಿಗೆ ಹೋಗಿ, ಶಿವಗಂಗಾ ಏನು ಕೆಲಸ ಮಾಡುತ್ತಾಳೆಂದು ಕೇಳಿ ನೋಡಿ. ಒಬ್ಬರು ರೈಲು ಟಿಕೆಟಿನ ಕೆಲಸ ಅಂದಾರು, ಇನ್ನೊಬ್ಬರು ಯಾವುದೋ ಬ್ಯಾಂಕು ಅಂದಾರು, ಮೂರನೆಯವರು "ಭಟ್ಟರ ಮಗಳು, ಮದುವೆ ಆಗಲಿಲ್ಲ" ಎಂದು ಕೇಳದ್ದಕ್ಕೂ ಉತ್ತರ ಕೊಟ್ಟಾರು. ನಲವತ್ತಮೂರು ವರ್ಷದ ಆಕೆ ಇದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದಳು. ಸುಮ್ಮನಿರುವುದೇ ಆಕೆಯ ಕೆಲಸದ ಮೊದಲ ನಿಯಮವಾಗಿತ್ತು.

ಅವಳ ತಂದೆ ವೇದವ್ಯಾಸ ಭಟ್ಟರಿಗೆ ಈ ನಿಯಮ ಹುಟ್ಟಿನಿಂದಲೇ ಗೊತ್ತಿಲ್ಲ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪೌರೋಹಿತ್ಯ ಮಾಡುವ ಮನೆತನ. ಅವರು ಸಂಕಲ್ಪ ಹೇಳಿದರೆ ಘಾಟಿನ ಕೊನೆಯ ಮೆಟ್ಟಿಲಿಗೂ ಕೇಳಬೇಕು. ಯಾತ್ರಿಕರ ಹೆಸರು, ಗೋತ್ರ, ಊರು, ಯಾವ ಇಚ್ಛೆಯಿಂದ ಬಂದರು, ನಾಳೆ ಯಾವ ಕರ್ಮ ಮಾಡಿಸುತ್ತಾರೆ, ಎಲ್ಲ ಹೊರಗೆ ಬರುತ್ತದೆ. ದೇವರ ಕಿವಿಗೆ ಬೀಳದ ಸಂಕಲ್ಪ ಸಂಕಲ್ಪವೇ ಅಲ್ಲ ಎಂಬುದು ಅವರ ಹಟ. ದೇವರು ಕೇಳಿಸಿಕೊಂಡನೋ ಇಲ್ಲವೋ, ಪಾನ್ ಜಗಿಯುತ್ತ ಮೆಟ್ಟಿಲ ಮೇಲೆ ಕೂತ ದಲ್ಲಾಳಿಗಳಂತೂ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು. ಮರುದಿನ ಭಟ್ಟರು ಲಾಡ್ಜಿಗೆ ಹೋಗುವಷ್ಟರಲ್ಲಿ ಅವರಲ್ಲೊಬ್ಬ "ಭಟ್ಟರೇ ಕಳಿಸಿದ್ದಾರೆ" ಎಂದು ಹೇಳಿ ಆ ಕುಟುಂಬವನ್ನು ಬೇರೆಡೆಗೆ ಸಾಗಿಸಿರುತ್ತಿದ್ದ. ಶಿವಗಂಗಾ ಇದನ್ನು ನೋಡಿಕೊಂಡೇ ಬೆಳೆದವಳು.

ಹಾಗಾಗಿ ನಾಲ್ಕು ವರ್ಷದ ಹಿಂದೆ ಒಂದು ಸಂಸ್ಥೆಯವರು ಆನ್‌ಲೈನ್ ಸಂದರ್ಶನದಲ್ಲಿ ಬ್ಲಾಕ್‌ಚೈನ್ ಎಂಬ, ಡಿಜಿಟಲ್ ನಾಣ್ಯಗಳ ಬಹಿರಂಗ ಲೆಕ್ಕಪುಸ್ತಕದ ತೊಂದರೆಯೊಂದನ್ನು ವಿವರಿಸಿದಾಗ ಅವಳಿಗೆ ಅದು ಹೊಸದೆನಿಸಲಿಲ್ಲ. ಅಲ್ಲಿ ನಾಣ್ಯ ಮಾರುವವನು ಗುಂಡಿ ಒತ್ತಿದ ಕೂಡಲೇ ಮಾರಾಟ ಮುಗಿಯುವುದಿಲ್ಲ. ವ್ಯವಹಾರ ಕೆಲವು ಕ್ಷಣ ಸಾಲಿನಲ್ಲಿ ಕಾಯುತ್ತದೆ, ಕಾಯುವಾಗ ಲೋಕಕ್ಕೆಲ್ಲ ಕಾಣುತ್ತದೆ. ಹೊಂಚು ಹಾಕಿದವರ ಯಂತ್ರಗಳು ಅದನ್ನು ಓದಿ, ಅವನಿಗಿಂತ ಮೊದಲು ನುಗ್ಗಿ ಮಾರಿ ಬೆಲೆ ಇಳಿಸುತ್ತವೆ. ಅವನದು ಅಗ್ಗಕ್ಕೆ ಹೋದ ಮೇಲೆ ತಾವೇ ತಿರುಗಿ ಕೊಳ್ಳುತ್ತವೆ. ಈ ಸಂಸ್ಥೆಯವರು ಕಂಡುಕೊಂಡ ಮದ್ದು ಸರಳವಾಗಿತ್ತು. ವ್ಯವಹಾರವನ್ನು ಗೂಢಲಿಪಿಯಲ್ಲಿ ಮುಚ್ಚಿ ಸಾಲಿಗೆ ಕಳಿಸುವುದು, ಯಾರ ಹಿಂದೆ ಯಾರು ಎಂಬುದು ಗಟ್ಟಿಯಾದ ಮೇಲಷ್ಟೇ ಬಿಚ್ಚುವುದು. ಬಿಚ್ಚುವ ಕೀಲಿಯನ್ನು ಏಳು ತುಂಡು ಮಾಡಿ ಏಳು ಜನರಿಗೆ ಹಂಚಿದ್ದರು. ಐದು ತುಂಡು ಸೇರದೆ ಅದು ತೆರೆಯದು. ಆ ಏಳು ಜನ ಯಾರೆಂದು ಯಾರಿಗೂ ತಿಳಿಯಬಾರದು. ಯಾರದಾದರೂ ಗುರುತು ಹೊರಬಿದ್ದರೆ ಅವರು ಕೂಡಲೇ ತಿಳಿಸಿ ಕೆಲಸ ಬಿಡಬೇಕು, ಸಂಸ್ಥೆ ಹಳೆಯ ಕೀಲಿ ರದ್ದು ಮಾಡಿ ಹೊಸದು ಹಂಚುತ್ತದೆ.

ಒಂದು ತುಂಡು ಶಿವಗಂಗಾಳ ಅಟ್ಟದ ಕೋಣೆಯಲ್ಲಿ, ಮಂಗಗಳಿಗೆ ಹೆದರಿ ಹಾಕಿಸಿದ ಜಾಲರಿಯ ಹಿಂದೆ, ಎರಡು ಇನ್ವರ್ಟರುಗಳ ಮಧ್ಯೆ ಒಂದು ಪುಟ್ಟ ಯಂತ್ರದಲ್ಲಿತ್ತು. ಹದಿನೈದು ವರ್ಷ ಯಾತ್ರಿಕರ ಟಿಕೆಟ್ ಕಾಯ್ದಿರಿಸುತ್ತ, ಬಿಡುವಿನಲ್ಲಿ ಒಬ್ಬಳೇ ಕಂಪ್ಯೂಟರ್ ಕಲಿತವಳಿಗೆ ಈ ಕೆಲಸ ಸಿಕ್ಕಾಗ ತಾನೂ ಲೆಕ್ಕಕ್ಕೆ ಬರುವವಳು ಅನ್ನಿಸಿತ್ತು. ಆ ಹೆಮ್ಮೆಯನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲವಾಗಿ, ಅಪ್ಪನಿಗೆ ಮಾತ್ರ ಒಂದು ಸಾರಿ ಹೇಳಿದಳು.

ಗಲ್ಲಿಯ ಮೂಲೆಯಲ್ಲಿ ಇಡ್ಲಿ ದೋಸೆಯ ಅಂಗಡಿ ಇಟ್ಟಿದ್ದ ನಾಗಲಿಂಗನಿಗೆ ಕೀಲಿಯ ಸಂಗತಿ ಗೊತ್ತಿರಲಿಲ್ಲ. ಅವಳಿಗೆ ಇದೆಲ್ಲ ತಿಳಿಯುತ್ತದೆ ಎಂದಷ್ಟೇ ಗೊತ್ತಿತ್ತು. ಅವನು ಹಾವೇರಿ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಯಾರದೋ ಮಾತು ಕೇಳಿ ಹಿಂದೆ ಕೊಂಡಿಟ್ಟಿದ್ದ ಡಿಜಿಟಲ್ ನಾಣ್ಯಗಳಿಗೆ ಈಗ ಬೆಲೆ ಬಂದಿತ್ತು. ಕಟ್ಟಡದ ಮಾಲೀಕ ಅಂಗಡಿಯ ಜಾಗ ಮಾರಲು ಹೊರಟಿದ್ದ, ಅದನ್ನು ತಾನೇ ಕೊಳ್ಳಬೇಕೆಂಬುದು ನಾಗಲಿಂಗನ ಆಸೆ. ಪರೀಕ್ಷೆಗೆಂದು ಸ್ವಲ್ಪ ನಾಣ್ಯವನ್ನು ಎಲ್ಲರೂ ಹೋಗುವ ತೆರೆದ ದಾರಿಯಲ್ಲಿ ಮಾರಿದಾಗ ಹೊಂಚುಗಾರರು ಅವನನ್ನು ಚೆನ್ನಾಗಿಯೇ ಸುಲಿದರು. ಆಗ ಶಿವಗಂಗಾ ಮುಚ್ಚಿದ ದಾರಿಯನ್ನು ತೋರಿಸಿಕೊಟ್ಟಳು. "ಇಲ್ಲಿ ಯಾರಿಗೂ ಕಾಣಲ್ಲ, ನಾಗಲಿಂಗಣ್ಣ" ಎಂದಿದ್ದಳು.

ಶ್ರಾವಣದಲ್ಲಿ ಅವಳ ಜನ್ಮನಕ್ಷತ್ರ ಬಂತು. ಭಟ್ಟರು ಎಂದಿನಂತೆ ಘಾಟಿನಲ್ಲಿ ಮಗಳ ಹೆಸರಿನಲ್ಲಿ ಸಂಕಲ್ಪ ಮಾಡಿದರು. ಸಂಸ್ಕೃತದಲ್ಲೇ ನಿಲ್ಲಿಸಿದ್ದರೆ ಗುಟ್ಟು ಉಳಿದುಕೊಳ್ಳುತ್ತಿತ್ತು. ಸುತ್ತ ಊರ ಕಡೆಯ ಯಾತ್ರಿಕರಿದ್ದರಲ್ಲ, ಕನ್ನಡದಲ್ಲೂ ಸೇರಿಸಿದರು: "ಜಗತ್ತಿನ ವ್ಯವಹಾರ ಕಾಯುವ ಏಳು ಕೀಲಿಗಳಲ್ಲಿ ಒಂದನ್ನು ಹೊತ್ತಿರುವ ನನ್ನ ಮಗಳು ಶಿವಗಂಗೆಗೆ ಶ್ರೇಯಸ್ಸಾಗಲಿ." ಯಾರೋ ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ಭಟ್ಟರ ಕಂಠ ಚೆನ್ನಾಗಿದೆಯೆಂದು ಸಾವಿರಾರು ಜನ ನೋಡಿದರು, ಶಿವಗಂಗಾ ಮಾತ್ರ ನೋಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೋಮವಾರ ಮಧ್ಯಾಹ್ನ ಒಬ್ಬ ಮನೆಗೆ ಬಂದ. ಹಣೆಗೆ ವಿಭೂತಿ, ಕೈಯಲ್ಲಿ ಗಂಗೆಯ ತಂಬಿಗೆ, ಅಚ್ಚುಕಟ್ಟಾದ ಬೆಂಗಳೂರಿನ ಕನ್ನಡ. ಭಟ್ಟರು ಒಳಗೆ ಮಲಗಿದ್ದರು.

"ನಿಮ್ಮ ತಂದೆಯವರ ಸಂಕಲ್ಪದ ವಿಡಿಯೋ ನೋಡಿದೆ, ಮೇಡಂ" ಎಂದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. "ಉಳಿದವರನ್ನೂ ಹೇಗೋ ಹುಡುಕಿದ್ದೀವಿ. ನಾಲ್ಕು ಜನ ಒಪ್ಪಿದ್ದಾರೆ. ನಿಮ್ಮ ತುಂಡನ್ನ ಸಾಲು ಗಟ್ಟಿ ಆಗೋಕೆ ಒಂದು ಕ್ಷಣ ಮೊದಲು ಬಿಟ್ಟರೆ ಸಾಕು. ನೀವು ಕೇಳಿದಷ್ಟು."

"ಎದ್ದು ಹೋಗಿ" ಎಂದಳು ಶಿವಗಂಗಾ.

"ನಿಮ್ಮಿಷ್ಟ. ನೀವಲ್ದೇ ಇನ್ನೂ ಇಬ್ಬರಿದ್ದಾರೆ" ಎಂದು ಅವನು ತಂಬಿಗೆ ಎತ್ತಿಕೊಂಡು ಹೋದ.

ನಿಯಮದ ಪ್ರಕಾರ ಆ ಗಳಿಗೆಯಲ್ಲೇ ಸಂಸ್ಥೆಗೆ ಬರೆಯಬೇಕಿತ್ತು. ಅವಳು ಅಟ್ಟ ಹತ್ತಿ ಕೀಲಿಮಣೆಯ ಮುಂದೆ ಕೂತಳು, ಎರಡು ಸಾಲು ಬರೆದಳು, ಅಳಿಸಿದಳು. ಬರೆದರೆ ಕೆಲಸ ಹೋಗುತ್ತದೆ. ಯಾಕೆಂದು ಅಪ್ಪ ಕೇಳುತ್ತಾರೆ, ತಮ್ಮ ಬಾಯಿಂದಲೇ ಹೋಯಿತೆಂದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತಿಳಿದುಕೊಳ್ಳುತ್ತಾರೆ. ಆಮೇಲೆ ತಾನು ಮತ್ತೆ ಟಿಕೆಟಿನ ಮುಂದೆ ಕೂರಬೇಕು. ನಾನು ಕೊಡಲಿಲ್ಲವಲ್ಲ, ಇನ್ನಿಬ್ಬರೂ ಕೊಡಲಿಕ್ಕಿಲ್ಲ, ನಾಲ್ಕರಿಂದ ಬೀಗ ತೆರೆಯುವುದಿಲ್ಲ ಎಂದು ಲೆಕ್ಕ ಹಾಕಿದಳು. ಲೆಕ್ಕವೇನೋ ಸರಿಯಾಗಿತ್ತು. ಆದರೆ ಆ ಲೆಕ್ಕವನ್ನು ಅವಳು ಹೆದರಿಕೆಯಿಂದ ಹಾಕಿದ್ದಳು, ಅದು ಅವಳಿಗೂ ಗೊತ್ತಿತ್ತು.

"ಯಾರಮ್ಮ ಬಂದಿದ್ದು?" ಎಂದು ಭಟ್ಟರು ಎದ್ದ ಮೇಲೆ ಕೇಳಿದರು.

"ಟಿಕೆಟ್ ಕೇಳೋಕೆ ಬಂದಿದ್ರಪ್ಪ."

ಮಂಗಳವಾರವೂ ಬರೆಯಲಿಲ್ಲ. ಬುಧವಾರ ಬೆಳಿಗ್ಗೆ ತಿಂಡಿಗೆ ಹೋದಾಗ ನಾಗಲಿಂಗ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ನಾಳಿಗೆ ಎಲ್ಲಾ ಒಮ್ಮೆಲೆ ಮಾರಿಬಿಡ್ಲೇನು, ತಂಗಿ? ತಡಾ ಮಾಡಿದ್ರ ಮಕಾನ್ ಮಾಲಿಕ್ ಹೊಳಿ ಆಚಿ ರಾಮನಗರದ ಸೇಠಗ ಜಾಗಾ ಕೊಡ್ತಾನಂತ."

ಒಂದು ವಾರ ತಡೆಯಿರಿ ಅಂದರೆ ಸಾಕಿತ್ತು. ಯಾಕೆ ಎಂದು ಅವನು ಕೇಳುತ್ತಿದ್ದ. ಹೇಳಹೊರಟರೆ ಸೋಮವಾರದ್ದೆಲ್ಲ ಹೇಳಬೇಕಾಗುತ್ತಿತ್ತು.

"ಮಾರಿ, ಅಣ್ಣ" ಎಂದಳು. ಇಡ್ಲಿಯ ದುಡ್ಡು ಮೇಜಿನ ಮೇಲಿಟ್ಟು ಎದ್ದಳು.

ಗುರುವಾರ ಹನ್ನೊಂದು ಗಂಟೆಗೆ ನಾಗಲಿಂಗ ಗುಂಡಿ ಒತ್ತಿದ. ಯಾರಿಗೂ ಕಾಣುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಇದಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಮಿತಿಯನ್ನು ತೀರ ಕೆಳಗಿಟ್ಟಿದ್ದ. ಶಿವಗಂಗಾ ಪರದೆಯ ಮೇಲೆ ಆ ಸಾಲು ತೆರೆಯುವುದನ್ನೇ ನೋಡುತ್ತಿದ್ದಳು. ನಾಗಲಿಂಗನ ವ್ಯವಹಾರದ ಮುಂದೊಂದು, ಹಿಂದೊಂದು ಅಪರಿಚಿತ ವ್ಯವಹಾರ ಒತ್ತಿಕೊಂಡು ಕೂತಿದ್ದವು. ಅವನಿಗೆ ಬರಬೇಕಾದದ್ದರಲ್ಲಿ ಅರ್ಧದಷ್ಟೂ ಬಂದಿರಲಿಲ್ಲ. ಉಳಿದಿಬ್ಬರಲ್ಲಿ ಯಾರೋ ಒಬ್ಬರು ಕೊಟ್ಟುಬಿಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆಗ ಬರೆದಳು. ಮೂರು ದಿನ ಬಾರದ ಅಕ್ಷರಗಳು ಆಗ ಹತ್ತು ನಿಮಿಷದಲ್ಲಿ ಬಂದವು. ಮನುಷ್ಯ ಬಂದ ದಿನ, ಅವನ ಮಾತು, ತನ್ನ ಹೆಸರು ಹೊರಬಿದ್ದ ರೀತಿ, ತಾನು ತಡಮಾಡಿದ್ದು, ಯಾವುದನ್ನೂ ಬಿಡಲಿಲ್ಲ. ಗಂಟೆಯೊಳಗೆ ಸಂಸ್ಥೆ ಹಳೆಯ ಕೀಲಿಯನ್ನು ರದ್ದು ಮಾಡಿತು. ಅವಳ ಕೆಲಸವೂ ಅಲ್ಲಿಗೆ ಮುಗಿಯಿತು. ಆಗಿಹೋದ ಮಾರಾಟವನ್ನು ಹಿಂದಕ್ಕೆ ತರುವ ದಾರಿ ಇಲ್ಲವೆಂದೂ ಅವರ ಉತ್ತರದಲ್ಲಿತ್ತು.

ಅವಳು ಇಳಿದು ಅಂಗಡಿಗೆ ನಡೆದಳು. ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು. ನಾಗಲಿಂಗ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ.

"ಬಾ ತಂಗಿ. ನಾನಽ ಏನೋ ತಪ್ಪು ಒತ್ತೀನಿ ಕಾಣ್ತದ" ಎಂದ. "ನೀ ಬ್ಯಾಸರಾ ಮಾಡ್ಕೋಬ್ಯಾಡ. ನೀ ಪಾಪ ಛಲೋದಽ ಹೇಳಿದ್ದಿ."

ಹೌದಣ್ಣ ಎಂದು ಅಲ್ಲಿಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಶಿವಗಂಗಾ ಎದುರಿನ ಬೆಂಚಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು.

"ಅಂವ ಎಂದು ಬಂದಿದ್ದ?" ಎಂದು ಕೊನೆಗೆ ಕೇಳಿದ.

"ಸೋಮವಾರ."

"ನಾ ನಿನ್ನ ಕೇಳಿದ್ದು?"

"ಬುಧವಾರ."

ಅವನು ಬೈದರೆ ಸಾಕೆಂದು ಅವಳಿಗೆ ಅನ್ನಿಸುತ್ತಿತ್ತು. ಅವನು ಎದ್ದು ಅವಳ ಮುಂದಿನ ಮೇಜನ್ನು ಒರೆಸಿದ.

"ಭಟ್ಟರಿಗೆ ಇದನ್ನ ಹೇಳಬ್ಯಾಡ. ಹಿರೇ ಜೀವ, ತಡಕೊಳ್ಳಂಗಿಲ್ಲ" ಎಂದ. ಆಮೇಲೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಅವಳ ಮುಖ ನೋಡದೆ, "ನಾಳಿಯಿಂದ ನೀ ಇಲ್ಲಿಗೆ ಬರಬ್ಯಾಡ, ತಂಗಿ" ಎಂದ.