ಗೋಡೆಯಾಚೆಯ ಕರಕರ

ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ತಂತಿ ಮಾಮ ಎಂದೇ ಕರೆಯುತ್ತಿದ್ದರು. ಮನೆಯಲ್ಲೇ ಕೂತು ದೂರದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋ ಹುಚ್ಚು ಅವನಿಗೆ. ಹಳೇ ಕಿಟಕಿಯ ಚೌಕಟ್ಟು, ಸುಟ್ಟ ಮೋಟರಿನ ತಾಮ್ರದ ತಂತಿ, ಏನು ಸಿಕ್ಕರೂ ಅವನ ಕೈಯಲ್ಲಿ ಆಂಟೆನಾ ಆಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲಂತೂ ಮಾತುಕತೆಯೆಲ್ಲ ಕಡಲಾಚೆಯವರ ಜೊತೆಗೇ.

ಗೋಡೆಯಾಚೆ ತಮ್ಮನ ಮನೆ. ಪಾಲಿನ ಜಗಳದಲ್ಲಿ ಇಬ್ಬರ ಮಾತು ನಿಂತಿತ್ತು. ತಮ್ಮನಿಗೆ ಲಕ್ವ ಹೊಡೆದಾಗಲೂ ಇವನು ಆ ಹೊಸ್ತಿಲು ತುಳಿಯಲಿಲ್ಲ. 'ಬೇಕಿದ್ರೆ ಅವನೇ ಕರೀಲಿ' ಎಂದು ಕೂತ. ನಾಲಗೆ ಬಿದ್ದುಹೋದವನು ಕರೆಯುವುದು ಹೇಗೆ?

ಆಗಲೇ ರೇಡಿಯೋದಲ್ಲಿ ಕರಕರ ಸದ್ದು ಶುರುವಾಯಿತು. ದೂರದ ದನಿಗಳೆಲ್ಲ ಅದರಲ್ಲಿ ಮುಳುಗಿಹೋದವು. ಅವನು ಎರಡು ಕೋಲನ್ನು ಅಡ್ಡಡ್ಡ ಕಟ್ಟಿ, ಸುತ್ತಲೂ ತಂತಿ ಸುತ್ತಿ, ಕೇಳುವುದಕ್ಕೆಂದೇ ಒಂದು ಚೌಕ ಆಂಟೆನಾ ಮಾಡಿದ. ಅದರ ಅಂಚು ಎತ್ತಲೋ ಅತ್ತಲಿನ ದನಿ ಜೋರು. ಮುಖ ಎತ್ತಲೋ ಅತ್ತ ಕಿವುಡು. ತಿರುಗಿಸುತ್ತ ತಿರುಗಿಸುತ್ತ ಸದ್ದಿನ ಜಾಡು ತಮ್ಮನ ಗೋಡೆಗೆ ಬಂದು ನಿಂತಿತು.

ತಮ್ಮನ ಹೆಂಡತಿ, ಅವನ ನಾದಿನಿ, ಹೊರಗೆ ಬಟ್ಟೆ ಹಿಂಡುತ್ತಿದ್ದಳು.

"ನಿಮ್ಮನೇಲಿ ಏನೋ ಮೋಟರ್ ಓಡ್ತಿದೆ. ಸ್ವಲ್ಪ ಹೊತ್ತು ನಿಲ್ಲಿಸೋಕಾಗುತ್ತಾ?"

"ಗಾಳಿ ಹಾಸಿಗೆದು, ಭಾವ. ನಿಲ್ಲಿಸಿದ್ರೆ ನಿಮ್ಮ ತಮ್ಮನ ಬೆನ್ನೆಲ್ಲ ಹುಣ್ಣಾಗುತ್ತೆ. ಒಳಗೆ ಬಂದು ನೋಡ್ತೀರಾ?"

"ಇನ್ನೊಂದಿನ ಬರ್ತೀನಿ."

ಮನೆಗೆ ಬಂದವನು ಆಂಟೆನಾದ ಕಿವುಡು ಮುಖವನ್ನು ಆ ಗೋಡೆಗೇ ತಿರುಗಿಸಿ ಮೊಳೆ ಹೊಡೆದುಬಿಟ್ಟ. ಸದ್ದು ಮುಕ್ಕಾಲುಪಾಲು ಅಡಗಿತು. ಪೀಡೆ ತೊಲಗಿತೆಂದುಕೊಂಡ.

ಒಂದು ಮಧ್ಯಾಹ್ನ ರೇಡಿಯೋ ಎಂದೂ ಇಲ್ಲದಷ್ಟು ತಿಳಿಯಾಯಿತು. ಅವನಿಗೆ ಖುಷಿಯೋ ಖುಷಿ. ಯಾವುದೋ ದ್ವೀಪದ ಮುದುಕನೊಬ್ಬ ಸಿಕ್ಕ. ಅಲ್ಲಿನ ಗಾಳಿ, ಮೀನು, ಮೊಣಕಾಲು ನೋವು ಎಂದು ಇಬ್ಬರೂ ಹರಟಿದರು. ಕಿವಿಗೆ ಹೆಡ್‌ಫೋನ್ ಇದ್ದುದರಿಂದ ಬಾಗಿಲು ಬಡಿದದ್ದು ಅವನಿಗೆ ಕೇಳಿಸಲಿಲ್ಲ. ನಾದಿನಿಯೇ ಒಳಗೆ ಬಂದು ಭುಜ ತಟ್ಟಿದಳು.

"ಮೋಟರ್ ನಿಲ್ಲಿಸಿದೀನಿ, ಭಾವ. ಇನ್ನು ಅದು ಬೇಕಾಗಲ್ಲ."

ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹಾಸಿಗೆಯ ಮೇಲಿದ್ದ ಮುಖ ಗುರುತೇ ಸಿಗಲಿಲ್ಲ, ತಮ್ಮ ಎಲುಬಿನ ಗೂಡಾಗಿದ್ದ. ಅವನು ತಮ್ಮನ ಕಾಲು ಹಿಡಿದು ಕೂತ. ನಾದಿನಿ ಅಳಲಿಲ್ಲ.

"ನೀವು ರೇಡಿಯೋದಲ್ಲಿ ಮಾತಾಡೋದು ಇಲ್ಲಿಗೆ ಚೆನ್ನಾಗಿ ಕೇಳ್ತಿತ್ತು. ಅಷ್ಟು ಹೊತ್ತೂ ಈ ಗೋಡೆ ಕಡೆಗೇ ತಿರುಗಿಸಿ ಮಲಗಿಸು ಅಂತ ಇವರು ಸನ್ನೆ ಮಾಡೋರು" ಎಂದಳು. "ನಿಮ್ಮನ್ನ ನೋಯಿಸ್ಬೇಕು ಅಂತಾನೇ ಹೇಳ್ತಿದೀನಿ."

ಅವಳು ಮನೆಯನ್ನು ಬಾಡಿಗೆಗೆ ಕೊಟ್ಟು ತಂಗಿಯ ಊರಿಗೆ ಹೊರಟುಹೋದಳು. ಹೋಗುವಾಗ ಇವನಿಗೆ ಹೇಳಲಿಲ್ಲ. ತಂತಿ ಮಾಮ ಈಗಲೂ ರೇಡಿಯೋ ಹಾಕುತ್ತಾನೆ. ಕಡಲಾಚೆಯವರು ಮನೆ ಕಡೆ ಎಲ್ಲ ಹೇಗಿದ್ದಾರೆ ಎಂದು ಕೇಳಿದರೆ ಮಾತ್ರ, ಸಿಗ್ನಲ್ ಸರಿಯಿಲ್ಲ ಎಂದು ಆರಿಸಿಬಿಡುತ್ತಾನೆ.